ಒಡೆಯೋದಕ್ಕೂ ಒಂದು ಇತಿಹಾಸ ಅದ

1/9 🔨 ಖಾಲಿ ಕ್ಲಿಪ್

ಕಲಬುರಗಿಯಿಂದ ಬೆಂಗಳೂರಿಗೆ ಎಸಿ ಸ್ಲೀಪರ್ ಬಸ್ಸಿನ್ಯಾಗ ಹೋದವರು ನಮ್ಮ ಕ್ಲಾಸಿನ್ಯಾಗ ಅರ್ಧಕ್ಕಿಂತ ಹೆಚ್ಚು ಇದ್ದೀರಿ. ಯಾರೋ ಇಂಟರ್ವ್ಯೂಗೆ, ಯಾರೋ ಕೋಚಿಂಗ್‌ಗೆ, ಯಾರೋ ಅಕ್ಕನ ಮನೀಗೆ. ಒಂದು ಪ್ರಶ್ನೆ ಕೇಳ್ತೀನಿ, ಖರೇ ಹೇಳ್ರಿ. ಕಿಟಕಿ ಬಾಜೂಕ ಒಂದು ಸಣ್ಣ ಕೆಂಪು ಸುತ್ತಿಗೆ ಇರಬೇಕು. ನೀವು ಹ್ವಾದ ಸಲ ಹೋದಾಗ ಅದು ಇತ್ತಾ? ಇಲ್ಲಾ ಅದನ್ನ ಸಿಗಿಸೋ ಕ್ಲಿಪ್ ಮಾತ್ರ ಖಾಲಿ ಇತ್ತಾ?

ಹತ್ತಿದ ಕೂಡಲೇ ನಾವೆಲ್ಲ ಮೊದಲು ಹುಡುಕೋದು ಚಾರ್ಜಿಂಗ್ ಪಾಯಿಂಟ್. ಆಮ್ಯಾಲ ಎಸಿ ಗಾಳಿ ಎಲ್ಲಿಂದ ಬರ್ತದ ಅಂತ ನೋಡ್ತೀವಿ. ಸುತ್ತಿಗೆ ಯಾರು ನೋಡ್ತಾರ?

ಈ ಸರಣಿ ಆ ಸುತ್ತಿಗೆದು. ಅದರ ಅಣ್ಣ, ಅಪ್ಪ, ಮುತ್ತಜ್ಜ ಎಲ್ಲಾರದೂ. ಬೆಂಕಿ ಹತ್ತಿದಾಗ, ಮನಿ ಕುಸಿದಾಗ, ಗಾಡಿ ಪಲ್ಟಿ ಆದಾಗ ಬಾಗಿಲ ಮುರಿದು, ಗಾಜು ಒಡೆದು ಮನುಷ್ಯನ್ನ ಹೊರಗ ತರೋ ಕೈ ಸಾಮಾನುಗಳ ಇತಿಹಾಸ ಇದು.

ಬಾಗಿಲ, ಗೋಡಿ, ಗಾಜು ಇವೆಲ್ಲ ನಮ್ಮ ರಕ್ಷಣೆಗೆ ಅಂತ ಮಾಡಿದ್ದು. ಕಳ್ಳ ಬರಬಾರದು, ಮಳಿ ಬರಬಾರದು, ಧೂಳು ಬರಬಾರದು. ಆದ್ರ ಅನಾಹುತ ಆದ ಹೊತ್ತಿಗೆ ಅದೇ ಬಾಗಿಲ ನಮ್ಮನ್ನ ಒಳಗ ಹಿಡಿದಿಡ್ತದ. ಆಗ ಕೀಲಿ ಹುಡುಕೋ ಟೈಮ್ ಇರಂಗಿಲ್ಲ. ಒಡೀಬೇಕು ಅಷ್ಟ. ಯಾವುದರಿಂದ ಒಡೀಬೇಕು, ಅದು ಆ ಹೊತ್ತಿಗೆ ಯಾರ ಕೈಯಾಗ ಇರಬೇಕು ಅನ್ನೋದೇ ಇಡೀ ಕತಿ.

ಒಟ್ಟು 9 ಪೋಸ್ಟ್. ಕಡೀದು ಮಾತ್ರ ಸೇವ್ ಮಾಡಿ ಇಟ್ಕೋರಿ, ಅದು ಪರೀಕ್ಷೆಗಿಂತ ಮುಖ್ಯ.

2/9 ⛏️ ಹಾರಿ, ಸಲಿಕಿ, ಬರಿಗೈ

ಶುರು ನಮ್ಮ ಕಡೆಯಿಂದಲೇ ಮಾಡೋಣ. ಕೊಳಕೂರ ಇರಲಿ, ಆಳಂದ ಕಡೀ ಹಳ್ಳಿ ಇರಲಿ, ಅಫಜಲಪುರ ಇರಲಿ, ಮನಿ ಮೂಲ್ಯಾಗ ಒಂದು ಹಾರಿ, ಒಂದು ಸಲಿಕಿ, ಒಂದು ಕೊಡಲಿ ಇದ್ದೇ ಇರ್ತದ. ಹೊಲದ ಸಾಮಾನು ಅಂತ ಅವನ್ನ ಯಾರೂ ಎರಡನೇ ಸಲ ನೋಡಂಗಿಲ್ಲ. ಆದ್ರ ನಮ್ಮ ಭಾಗದ ಅತಿ ದೊಡ್ಡ ದುರಂತದಾಗ ಮೊದಲು ಕೈಗೆ ಬಂದಿದ್ದು ಇವೇ.

1993, ಸೆಪ್ಟೆಂಬರ್ 30. ನಸುಕಿನ 3 ಗಂಟೆ 56 ನಿಮಿಷ. ಆಳಂದದ ಆಚೆ, ಗಡಿ ದಾಟಿದ್ರ ಸಿಗೋ ಲಾತೂರ್ ಜಿಲ್ಲೆಯ ಕಿಲ್ಲಾರಿ. ಹಿಂದಿನ ದಿನವೇ ಗಣಪತಿ ಕಳಿಸಿ ಜನ ದಣಿದು ಮಲಗಿದ್ರು. 6.2 ತೀವ್ರತೆಯ ಭೂಕಂಪ ಆಯ್ತು. ಲಾತೂರ್, ಉಸ್ಮಾನಾಬಾದ್ ಎರಡೂ ಜಿಲ್ಲೆ ಸೇರಿ ಸತ್ತವರು ಹತ್ತಿರ ಹತ್ತಿರ 10 ಸಾವಿರ. ನಿಮ್ಮ ಮನಿ ಹಿರಿಯರನ್ನ ಕೇಳ್ರಿ, ಆ ರಾತ್ರಿ ಭಾಂಡೆ ಸಾಮಾನು ಗಡಗಡ ಅಂದಿದ್ದು ನೆನಪು ಇರೋರು ಈಗೂ ಇದ್ದಾರ.

ಯಾಕ ಇಷ್ಟು ಜನ ಸತ್ರು? ಮನಿ ಕಟ್ಟಿದ ರೀತಿಯೇ ಕಾರಣ. ದಪ್ಪ ಕಲ್ಲಿನ ಗೋಡಿ, ಕಲ್ಲಿನ ನಡುವ ಬರೇ ಮಣ್ಣು, ಮ್ಯಾಲ ಕಟ್ಟಿಗೆ ಜಂತಿ, ಅದರ ಮ್ಯಾಲ ಮತ್ತ ಮಣ್ಣಿನ ಮಾಳಗಿ. ಬೇಸಿಗ್ಯಾಗ ತಂಪು, ಚಳಿಗಾಲದಾಗ ಬೆಚ್ಚಗ. ನಡುಗಿದ್ರ ಮಾತ್ರ ಇಡೀ ಭಾರ ಮಲಗಿದವರ ಮ್ಯಾಲ. ಹಂಥಾ ಮಾಳಗಿ ಮನಿ ನಮ್ಮ ಓಣ್ಯಾಗೂ ಅವ, ಹೌದಿಲ್ಲೋ?

ಸೈನ್ಯ ಬಂತು, ಯಂತ್ರ ಬಂದ್ವು, ಆದ್ರ ಅವು ಆಮ್ಯಾಲ. ಮೊದಲ ತಾಸುಗಳಲ್ಲಿ ಕಲ್ಲು ಎತ್ತಿದ್ದು ಬದುಕಿ ಉಳಿದ ನೆರೆಹೊರೆಯವರು. ಹಾರಿ ಸಿಕ್ಕವರು ಹಾರಿ ಹಾಕಿದ್ರು, ಸಿಗದವರು ಕೈಯಿಂದಲೇ ಮಣ್ಣು ತೆಗೆದ್ರು. ಜಗತ್ತಿನ ಎಲ್ಲಾ ದೊಡ್ಡ ಭೂಕಂಪದಾಗೂ ಇದೇ ಕತಿ. ಮಣ್ಣಿನಡಿ ಸಿಕ್ಕವನಿಗೆ ಉಸಿರಿರೋದು ಸ್ವಲ್ಪ ಹೊತ್ತು, ಆ ಹೊತ್ತಿನ್ಯಾಗ ಬಾಜೂಕ ಇರೋರು ಬಾಜೂ ಮನಿಯವರೇ.

ಮುಂದ ಗುಜರಾತಿನ ಭುಜ್ ಭೂಕಂಪ, ಸುನಾಮಿ ಎಲ್ಲಾ ಆದ ಮ್ಯಾಲ 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು, 2006ರಲ್ಲಿ ಎನ್‌ಡಿಆರ್‌ಎಫ್ ಹುಟ್ಟಿತು. ಒಳ್ಳೇದೇ ಆಯ್ತು. ಆದ್ರ ಎನ್‌ಡಿಆರ್‌ಎಫ್ ಬರೋ ತನಕ ನಿಮ್ಮ ಕೈಯಾಗ ಏನದ? ಈ ಪ್ರಶ್ನೆ ಕಡೀ ತನಕ ನೆನಪಿಟ್ಕೋರಿ.

3/9 🦹 ಕಳ್ಳರ ಸಾಮಾನು

ಈಗ ಸ್ವಲ್ಪ ದೂರ ಹೋಗೋಣ, ಅಮೆರಿಕಾದ ನ್ಯೂಯಾರ್ಕ್‌ಗೆ. ಯಾಕಂದ್ರ ಇವತ್ತು ಜಗತ್ತಿನ ತುಂಬ ಅಗ್ನಿಶಾಮಕದವರು ಹಿಡಿಯೋ ಬಾಗಿಲ ಮುರಿಯೋ ಸಾಮಾನು ಹುಟ್ಟಿದ್ದು ಅಲ್ಲಿ.

ಊರು ದೊಡ್ಡದಾದಂಗ ಬಾಗಿಲ ಗಟ್ಟಿ ಆಗ್ತಾವ. ಹಳ್ಳ್ಯಾಗ ಅಗಳಿ ಹಾಕಿದ್ರ ಸಾಕು. ಊರೊಳಗ ಚಿಲಕ, ಕೀಲಿ, ಕಬ್ಬಿಣದ ಬಾಗಿಲ, ಮ್ಯಾಲೊಂದು ಶಟರ್. ಬರೇ ಕೊಡಲಿಯಿಂದ ಅದನ್ನ ಒಡೆಯಾಕ ಆಗಂಗಿಲ್ಲ. ಬೆಂಕಿ ನಂದಿಸೋರು ಬಾಗಿಲ ಮುಂದೇ ನಿಂತು ಟೈಮ್ ಕಳೀತಿದ್ರು.

ನ್ಯೂಯಾರ್ಕಿನ ಅಗ್ನಿಶಾಮಕದವರು ತಲೆಮಾರಿನಿಂದ ಒಂದು ಕತಿ ಹೇಳ್ತಾರ. ಕಳ್ಳರು ಒಂದು ಬ್ಯಾಂಕಿಗೆ ಕನ್ನ ಹಾಕಿದ್ರಂತ. ಕೆಲಸ ಮುಗಿದ ಮ್ಯಾಲ ಗುರುತು ಸಿಗಬಾರದು ಅಂತ ಬ್ಯಾಂಕಿಗೇ ಬೆಂಕಿ ಹಚ್ಚಿದ್ರು. ಬೆಂಕಿ ಆರಿಸಾಕ ಬಂದವರು ಬೂದಿ ಕೆದರಿದಾಗ ಒಂದು ವಿಚಿತ್ರ ಕಬ್ಬಿಣದ ಸಾಮಾನು ಸಿಕ್ತು. ಒಂದು ತುದಿಯಾಗ ಕೊಕ್ಕೆ, ಇನ್ನೊಂದು ತುದಿಯಾಗ ಸೀಳಿದ ಕವೆ. ಅದರಿಂದಲೇ ಕಳ್ಳರು ಬಾಗಿಲ ಎಬ್ಬಿಸಿದ್ರು. ಫೈರ್‌ಮನ್‌ಗಳು ನೋಡಿದ್ರು, ಇದು ನಮಗೇ ಬೇಕಾದ್ದು ಅಂದ್ರು. ಹಂಥದ್ದೇ ಮಾಡಿಸ್ಕೊಂಡ್ರು. ಅದೇ 'ಕ್ಲಾ ಟೂಲ್', ಅಂದ್ರ ಉಗುರಿನ ಸಾಮಾನು.

ಕತಿ ಎಷ್ಟು ಖರೇ, ಎಷ್ಟು ಕಟ್ಟಿದ್ದು ಅನ್ನೋದು ಬಿಡ್ರಿ. ಅದರಾಗಿನ ತರ್ಕ ಗಟ್ಟಿ ಅದ. ಬಾಗಿಲ ಎಲ್ಲಿ ಸೋಲ್ತದ ಅಂತ ಕಳ್ಳನಿಗೆ ಗೊತ್ತಿದ್ದಷ್ಟು ಬಡಿಗನಿಗೂ ಗೊತ್ತಿರಂಗಿಲ್ಲ.

ಕ್ಲಾ ಟೂಲ್ ಭಾರ ಬಹಳ. ಅದರ ತುದಿ ಒಂದು ಕಡೀ ವಾಲಿದ್ದಕ್ಕ ಹಿಂದಿನಿಂದ ಹೊಡೆದ್ರ ಏಟು ನೆಟ್ಟಗ ಬೀಳ್ತಿರಲಿಲ್ಲ, ಜಾರಿ ಕೈಗೆ ಬೀಳ್ತಿತ್ತು. ಆಮ್ಯಾಲ ಜಾನ್ ಕೆಲಿ ಅನ್ನೋ ನ್ಯೂಯಾರ್ಕಿನ ಅಗ್ನಿಶಾಮಕ ಕ್ಯಾಪ್ಟನ್ ಅದನ್ನ ನೆಟ್ಟಗ ಮಾಡಿದ. ಒಂದು ತುದಿಗೆ ಬಾಚಿಯಂಥ ಅಗಲ ಅಲಗು, ಇನ್ನೊಂದಕ್ಕ ಕವೆ. ಅದಕ್ಕ 'ಕೆಲಿ ಟೂಲ್' ಅಂತ ಹೆಸರು ಬಂತು. ಆದ್ರೂ ಒಂದೇ ಬಾಗಿಲಿಗೆ ಎರಡು ಮೂರು ಸಾಮಾನು ಹೊತ್ಕೊಂಡು ಓಡೋದು ತಪ್ಪಲಿಲ್ಲ.

4/9 📒 ಹಾಲಿಗನ್ ಮತ್ತು ನಮ್ಮ ಆಡಿಟಿಂಗ್ ಪೇಪರ್

1948. ಹ್ಯೂ ಹಾಲಿಗನ್ ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯ ದೊಡ್ಡ ಅಧಿಕಾರಿ. ಹಳೇ ಸಾಮಾನುಗಳ ಒಳ್ಳೇ ಗುಣ ಎಲ್ಲಾ ಒಂದರಾಗೇ ಸೇರಿಸಿ ಹೊಸದೊಂದು ಚಿತ್ರ ಬರೆದ. ಪೀಟರ್ ಕ್ಲಾರ್ಕ್ ಅನ್ನೋ ಕಂಬಾರ ಮೊದಲನೇದನ್ನ ಕುಲುಮಿಯಾಗ ಕಾಸಿ ಬಡಿದು ಮಾಡಿಕೊಟ್ಟ. ಇವತ್ತಿಗೂ ಅದರ ಹೆಸರು 'ಹಾಲಿಗನ್ ಬಾರ್'.

ನೋಡಾಕ ಹೆಂಗದ ಅಂದ್ರ: ಸುಮಾರು 30 ಇಂಚು ಉದ್ದ, ಭಾರ ನಾಲ್ಕು ಕಿಲೋ ಹತ್ರ. ಒಂದು ತುದಿಗೆ ಸ್ವಲ್ಪ ಬಾಗಿದ ಕವೆ. ಇನ್ನೊಂದು ತುದಿಗೆ ಬಾಚಿಯಂಥ ಅಲಗು, ಅದರ ಬಾಜೂಕ ಚೂಪಾದ ಕೊಂಬು. ಕವೆನ್ನ ಬಾಗಿಲಕ್ಕೂ ಚೌಕಟ್ಟಿಗೂ ನಡುವ ಇಟ್ಟು, ಇನ್ನೊಬ್ಬ ಕೊಡಲಿಯ ಹಿಂಭಾಗದಿಂದ ಏಟು ಹಾಕ್ತಾನ. ಕವೆ ಒಳಗ ಹೊಕ್ಕ ಮ್ಯಾಲ ಎಳೆದ್ರ ಚಿಲಕ ಹರಿದು ಬರ್ತದ. ಅಲಗಿನಿಂದ ಎಬ್ಬಿಸಬಹುದು, ಕೊಂಬಿನಿಂದ ಕೀಲಿ ಒಡೀಬಹುದು, ಕಿಟಕಿ ಒಡೀಬಹುದು. ಒಳಗಿನ ಲೆಕ್ಕ ನಮ್ಮ ಹಾರಿದೇ. ಉದ್ದ ತೋಳು, ಸಣ್ಣ ಆಸರ, ಕಡಿಮಿ ಬಲಕ್ಕ ದೊಡ್ಡ ಭಾರ. ಹೊಲದಾಗ ಕಲ್ಲು ಎಬ್ಬಿಸಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕೊಡಲಿ ಮತ್ತು ಹಾಲಿಗನ್ ಎರಡನ್ನೂ ಜೋಡಿ ಮಾಡಿ ಹಿಡೀತಾರ, ಆ ಜೋಡಿಗೆ 'ಐರನ್ಸ್' ಅಂತಾರ.

ಈಗ ಬಿಕಾಂ ದೋಸ್ತರಿಗೆ ಅಂತಲೇ ಇರೋ ಭಾಗ. ಇಷ್ಟು ಒಳ್ಳೇ ಸಾಮಾನನ್ನ ನ್ಯೂಯಾರ್ಕ್ ಇಲಾಖೆ ಖರೀದಿ ಮಾಡಲಿಲ್ಲ! ಕಾರಣ, ಮಾಡಿದವ ಅದೇ ಇಲಾಖೆಯ ಅಧಿಕಾರಿ. ತನ್ನ ಅಧಿಕಾರಿಯ ಮಾಲನ್ನ ಇಲಾಖೆಯೇ ಕೊಂಡ್ರ ಹಿತಾಸಕ್ತಿಯ ಸಂಘರ್ಷ ಆಗ್ತದ. ಆಡಿಟಿಂಗ್ ಪೇಪರಿನ್ಯಾಗ ಎರಡು ಮಾರ್ಕಿಗೆ ನಾವು ಬರೆಯೋ ಅದೇ ಮಾತು. ಹಂಗಾಗಿ ಮೊದಲ ದೊಡ್ಡ ಗಿರಾಕಿ ಆಗಿದ್ದು ಬೋಸ್ಟನ್ ನಗರ, ಅಲ್ಲಿ ತಮ್ಮ ಎಲ್ಲಾ ಅಗ್ನಿಶಾಮಕ ತಂಡಕ್ಕೂ ಒಂದೊಂದು ಕೊಂಡ್ರು. ನ್ಯೂಯಾರ್ಕಿನ ಫೈರ್‌ಮನ್‌ಗಳು ಏನು ಮಾಡಿದ್ರು? ತಮ್ಮ ಕಿಸೆಯಿಂದ ರೊಕ್ಕ ಹಾಕಿ ತಾವೇ ತಗೊಂಡ್ರು.

ನಿಯಮ ತಪ್ಪಲ್ಲ. ಸರ್ಕಾರದ ರೊಕ್ಕಕ್ಕ ಹಂಥಾ ನಿಯಮ ಬೇಕು. ಆದ್ರ ನಿಯಮದ ಪುಸ್ತಕ ಒಂದು ಕಡೀ, ಬೆಂಕಿ ಮುಂದ ನಿಂತವನ ಕೈ ಇನ್ನೊಂದು ಕಡೀ ಉಳಿದ್ರ, ನಡುವಿನ ಖರ್ಚು ಯಾರೋ ಒಬ್ಬರು ಕೊಡಬೇಕಾಗ್ತದ. ಅಲ್ಲಿ ಕಿಸೆಯಿಂದ ಕೊಟ್ರು. ನಮ್ಮಲ್ಲಿ ಹೆಂಗ ಕೊಡ್ತೀವಿ ಅನ್ನೋದು 8ನೇ ಪೋಸ್ಟಿನ್ಯಾಗ ಬರ್ತದ.

5/9 🚜 ದೊಡ್ಡ ಮಷೀನ್ ಬಂದ ಮ್ಯಾಲೂ

ಕಾರು ಹೆಚ್ಚಾದ್ವು, ಅಪಘಾತ ಹೆಚ್ಚಾದ್ವು. ಜಜ್ಜಿ ಹೋದ ಕಾರಿನೊಳಗ ಸಿಕ್ಕವರನ್ನ ತೆಗೆಯಾಕ ಮೊದಲು ಹಾರಿ, ಇಲ್ಲಾ ಮಷೀನ್ ಗರಗಸ. ಗರಗಸ ಹಚ್ಚಿದ್ರ ಕಿಡಿ ಹಾರ್ತದ, ಕೆಳಗ ಪೆಟ್ರೋಲ್ ಚೆಲ್ಲಿರ್ತದ. ಉಳಿಸಾಕ ಹೋಗಿ ಸುಡೋ ಅಪಾಯ.

ಅಮೆರಿಕಾದ ಜಾರ್ಜ್ ಹರ್ಸ್ಟ್ 1961ರಲ್ಲಿ ಒಂದು ಕಾರ್ ರೇಸ್ ನೋಡಾಕ ಹೋಗಿದ್ದ. ಗಾಯ ಆದ ಡ್ರೈವರನ್ನ ಕಾರಿನಿಂದ ಹೊರಗ ತೆಗೆಯಾಕ ಒಂದು ತಾಸಿಗಿಂತ ಹೆಚ್ಚು ಹಿಡೀತು. ಅದನ್ನ ನೋಡಿದ ಹರ್ಸ್ಟ್ ಮುಂದ ಹೈಡ್ರಾಲಿಕ್ ಒತ್ತಡದಿಂದ ಕಬ್ಬಿಣ ಅಗಲಿಸೋ ಯಂತ್ರ ಮಾಡಿದ. ಅದೇ 'ಜಾಸ್ ಆಫ್ ಲೈಫ್', ಜೀವದ ದವಡಿ. ಮೊದಲ ಮಾದರಿ ಬಹಳ ಭಾರ ಇತ್ತು, ಬರಬರುತ್ತ ಸಣ್ಣದಾಗಿ ಮನುಷ್ಯರು ಕೈಯಾಗ ಹಿಡಿಯೋವಂಗಾಯ್ತು. ನಮ್ಮ ಅಗ್ನಿಶಾಮಕದವರ ರಕ್ಷಣಾ ವಾಹನದಾಗ ಇರೋ ಹೈಡ್ರಾಲಿಕ್ ಕಟ್ಟರ್, ಸ್ಪ್ರೆಡರ್ ಇದರದೇ ವಂಶ.

ಆದ್ರ ಮಷೀನ್ ಎಷ್ಟೇ ದೊಡ್ಡದಾದ್ರೂ ಕಡೀ ಹೆಜ್ಜಿ ಕೈಯಿಂದಲೇ. ಇದಕ್ಕ ನಮ್ಮ ಬಾಜೂ ತಾಲೂಕಿನ ಉದಾಹರಣಿ ಅದ. 2024ರ ಏಪ್ರಿಲ್ 3. ಇಂಡಿ ತಾಲೂಕಿನ ಲಚ್ಯಾಣದಾಗ ಒಂದು ಪುಟ್ಟ ಕೂಸು ಕೊಳವೆಬಾವಿಯೊಳಗ ತಲಿಕೆಳಗಾಗಿ ಬಿತ್ತು. ನಾವೆಲ್ಲ ಆ ರಾತ್ರಿ ಟಿವಿ ಬಿಟ್ಟು ಎದ್ದಿರಲಿಲ್ಲ, ನೆನಪದ ಅಲ್ಲಾ? ಬಾಜೂಕ ದೊಡ್ಡ ಯಂತ್ರ ತೆಗ್ಗು ತೋಡಿದ್ವು. ಕೂಸಿನ ಹತ್ರ ಬಂದ ಮ್ಯಾಲ ಕಲ್ಲು ಅಡ್ಡ ಬಂತು. ಅಲ್ಲಿ ಯಂತ್ರ ಗದ್ದರಿಸಿದ್ರ ಮಣ್ಣು ಕೂಸಿನ ಮ್ಯಾಲೇ ಬೀಳೋ ಭಯ. ಅಲ್ಲಿಂದ ಮುಂದ ಮನುಷ್ಯರು ಸಣ್ಣ ಸಾಮಾನು ಹಿಡಿದು ನಿಧಾನಕ್ಕ ಕೊರೆದ್ರು. ಸುಮಾರು 20 ತಾಸಿನ ಮ್ಯಾಲ, ಏಪ್ರಿಲ್ 4ಕ್ಕ, ಕೂಸು ಜೀವಂತ ಹೊರಗ ಬಂತು. ಇಡೀ ಉತ್ತರ ಕರ್ನಾಟಕ ಒಮ್ಮೆಲೇ ಉಸಿರು ಬಿಟ್ಟಿತು.

ಅಲ್ಲಿ 20 ತಾಸು ಸಿಕ್ತು. ಬಸ್ಸಿಗೆ ಬೆಂಕಿ ಹತ್ತಿದ್ರ ಸಿಗೋದು ಒಂದೆರಡು ನಿಮಿಷ.

6/9 🪟 ಗಾಜಿನೊಳಗಿನ ಜಗಳ

2010ರ ಫೆಬ್ರವರಿ 23. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್. ಹಗಲೇ ಬೆಂಕಿ, ಕಟ್ಟಡದ ತುಂಬ ಹೊಗಿ. ತುರ್ತು ಬಾಗಿಲಗಳಿಗೆ ಕೀಲಿ ಹಾಕಿತ್ತು. ಜನ ಕೈಗೆ ಸಿಕ್ಕಿದ್ದರಿಂದ ಗಾಜು ಒಡೆದು ಉಸಿರಿಗಾಗಿ ಹೊರಗ ತಲಿ ಹಾಕಿದ್ರು, ಕೆಲವರು ಜಿಗಿದ್ರು. 9 ಜನ ಸತ್ರು. ಒಳಗಿದ್ದವರು ಓದಿದವರು, ಕಟ್ಟಡ ಹೊಸದು, ಊರಿನ್ಯಾಗ ಅಗ್ನಿಶಾಮಕ ಹತ್ರ ಇತ್ತು. ಕಡೀಗೆ ನಡುವ ನಿಂತಿದ್ದು ಕೀಲಿ ಮತ್ತು ಗಾಜು.

ಅದಕ್ಕ ಗಾಜನ್ನ ಅರ್ಥ ಮಾಡ್ಕೋಬೇಕು. 1660ರ ದಶಕದಾಗ ಇಂಗ್ಲೆಂಡಿನ ರಾಯಲ್ ಸೊಸೈಟಿಯವರು ಒಂದು ಆಟಿಗಿ ಹಿಡಕೊಂಡು ತಲಿ ಕೆಡಿಸ್ಕೊಂಡ್ರು. ಕರಗಿದ ಗಾಜಿನ ಹನಿ ನೀರಿಗೆ ಬಿಟ್ರ ಬಾಲ ಇರೋ ಮಣಿ ಆಗ್ತದ. ಅದರ ತಲಿಗೆ ಸುತ್ತಿಗಿಂದ ಹೊಡೆದ್ರೂ ಒಡೆಯಂಗಿಲ್ಲ. ಬಾಲ ಚಿವುಟಿದ್ರ ಇಡೀ ಮಣಿ ಪುಡಿ ಪುಡಿ. ಅದಕ್ಕ 'ಪ್ರಿನ್ಸ್ ರೂಪರ್ಟನ ಹನಿ' ಅಂತಾರ.

ಗುಟ್ಟು ಇಷ್ಟೇ. ಹೊರಗಿನ ಗಾಜು ಮೊದಲು ತಣ್ಣಗಾಗಿ ಗಟ್ಟಿ ಆಗ್ತದ, ಒಳಗಿಂದು ಆಮ್ಯಾಲ ಕುಗ್ತದ. ಹಂಗಾಗಿ ಹೊರಮೈ ಒತ್ತಿಕೊಂಡು ಕೂತಿರ್ತದ, ಒಳಮೈ ಜಗ್ಗತಿರ್ತದ. ಒಳಗ ಯಾವಾಗಲೂ ಜಗಳ. 1874ರಲ್ಲಿ ಫ್ರಾನ್ಸಿನ ಡಿ ಲಾ ಬಾಸ್ಟಿ ಇದೇ ತತ್ವದ ಮ್ಯಾಲ ಗಟ್ಟಿ ಗಾಜಿಗೆ ಪೇಟೆಂಟ್ ತಗೊಂಡ. ಈಗ ಗಾಜನ್ನ 600 ಡಿಗ್ರಿಗಿಂತ ಮ್ಯಾಲ ಕಾಸಿ, ಜೋರು ಗಾಳಿ ಬಿಟ್ಟು ತಣ್ಣಗ ಮಾಡ್ತಾರ. ಅದೇ ಟಫನ್ಡ್ ಗ್ಲಾಸ್. ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಬಸ್ಸಿನ ಬಾಜೂ ಕಿಟಕಿಗೆ ಸಾಮಾನ್ಯವಾಗಿ ಇರೋದು ಇದೇ.

ಇದಕ್ಕ ಮೊಣಕೈಯಿಂದ, ಮೊಬೈಲಿನಿಂದ, ಬೂಟಿನಿಂದ ಹೊಡೆದ್ರ ಏಟು ಅಗಲಕ್ಕ ಹರಡಿ ಹೋಗ್ತದ, ಗಾಜು ನಗ್ತಾ ಕೂಡ್ತದ. ಆದ್ರ ಸಣ್ಣ, ಗಟ್ಟಿ, ಚೂಪು ತುದಿ ಹೊರಮೈ ದಾಟಿ ಒಳಗ ಹೊಕ್ರ ಸಾಕು, ಒಳಗಿನ ಜಗಳ ಹೊರಗ ಬರ್ತದ, ಇಡೀ ಗಾಜು ಒಂದೇ ಕ್ಷಣಕ್ಕ ಸಕ್ಕರಿ ಹರಳಿನಂಗ ಉದುರ್ತದ. ಕೆಂಪು ಸುತ್ತಿಗೆ ಅಷ್ಟು ಸಣ್ಣದಿದ್ದು ಅದಕ್ಕೇ. ಬಲ ಬೇಕಾಗಿಲ್ಲ, ಮೊನಿ ಬೇಕು.

ಮುಂದಿನ ದೊಡ್ಡ ಗಾಜಿನ ಕತಿ ಬ್ಯಾರೆ. ಅದು ಲ್ಯಾಮಿನೇಟೆಡ್, ಎರಡು ಗಾಜಿನ ನಡುವ ಪ್ಲಾಸ್ಟಿಕ್ ಪದರ. ಫ್ರಾನ್ಸಿನ ಬೆನೆಡಿಕ್ಟಸ್ 1909ರಲ್ಲಿ ಇದಕ್ಕ ಪೇಟೆಂಟ್ ತಗೊಂಡ. ಬಿರುಕು ಬಿಡ್ತದ, ಆದ್ರ ಬೀಳಂಗಿಲ್ಲ. ಅಮೆರಿಕಾದ ವಾಹನ ಸಂಘ ಎಎಎ 2019ರಲ್ಲಿ ಆರು ನಮೂನಿ ಗಾಜು ಒಡೆಯೋ ಸಾಮಾನು ಪರೀಕ್ಷೆ ಮಾಡಿತು. ಟಫನ್ಡ್ ಗಾಜನ್ನ ನಾಲ್ಕು ಒಡೆದ್ವು. ಲ್ಯಾಮಿನೇಟೆಡ್ ಗಾಜನ್ನ ಒಂದೂ ಒಡೀಲಿಲ್ಲ. ಹಂಗಾಗಿ ಸುತ್ತಿಗೆ ಹಿಡಕೊಂಡು ಮುಂದಿನ ಗಾಜಿಗೆ ಓಡಬ್ಯಾಡ್ರಿ.

7/9 🚌 ಕೆಂಪು ಬಸ್ಸಿನಿಂದ ಮುಚ್ಚಿದ ಬಸ್ಸಿಗೆ

ನಮ್ಮ ಕೆಂಪು ಬಸ್ ನೆನಪಿಸ್ಕೋರಿ. ಕಿಟಕಿ ಸರಿಸಿದ್ರ ಧೂಳು, ಜೋಳದ ಹೊಲದ ಗಾಳಿ, ಎಲ್ಲಾ ಒಳಗ. ತುರ್ತು ನಿರ್ಗಮನ ಅಂತ ಬರೆದ ಬಾಗಿಲಕ್ಕ ಒಂದು ಹಿಡಿಕಿ. ಆ ಬಸ್ಸಿನ್ಯಾಗ ಸುತ್ತಿಗೆಯ ನೆನಪು ಯಾರಿಗೂ ಬರಲಿಲ್ಲ.

2001ರಲ್ಲಿ ವೋಲ್ವೋ ಬಸ್ ಭಾರತಕ್ಕ ಬಂತು. ಕಿಟಕಿ ತೆರೆಯೋ ಮಾತೇ ಇಲ್ಲ, ಗೋಡಿಯಂಥ ಗಾಜು, ಒಳಗ ಎಸಿ, ಬಾಗಿಲ ಡ್ರೈವರ್ ಗುಂಡಿ ಒತ್ತಿದ್ರ ಮಾತ್ರ. ಆರಾಮ ಬಹಳ ಆಯ್ತು, ಸುಳ್ಳು ಹೇಳಂಗಿಲ್ಲ. ಕಲಬುರಗಿ ಮಂದಿಗೆ ಮೇ ತಿಂಗಳದಾಗ ಎಸಿ ಬಸ್ ಅಂದ್ರ ಏನು ಅಂತ ಯಾರೂ ಹೇಳಬೇಕಾಗಿಲ್ಲ. ಆದ್ರ ಕಿಟಕಿ ಮುಚ್ಚಿದ ದಿನವೇ ಒಂದು ದೊಡ್ಡ ಬದಲಾವಣಿ ಆಯ್ತು. ಇಲ್ಲೀ ತನಕ ಒಡೆಯೋ ಸಾಮಾನು ಹೊರಗಿನಿಂದ ಬರೋರ ಕೈಯಾಗ ಇತ್ತು. ಈಗ ಅದು ಒಳಗ ಮಲಗಿದವನ ತಲಿ ಬಾಜೂಕ ಬಂತು. ಟ್ರೇನಿಂಗ್ ಇಲ್ಲದ, ನಿದ್ದಿಗಣ್ಣಿನ, ಹೆದರಿದ ಮನುಷ್ಯ ಬಳಸಲಿ ಅಂತ ಇಟ್ಟ ಸಾಮಾನು ಇದು. ಅವನಿಗೆ ಅದರ ಬಗ್ಗೆ ಹೇಳಿದವರು ಮಾತ್ರ ಯಾರೂ ಇಲ್ಲ.

ಈಗ ತಾರೀಖು ಓದ್ರಿ.

2013, ಅಕ್ಟೋಬರ್ 30. ಬೆಂಗಳೂರಿನಿಂದ ಹೈದರಾಬಾದಿಗೆ ಹೊಂಟ ಬಸ್, ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ರ. ಕಲ್ವರ್ಟಿಗೆ ಬಡಿದು ಬೆಂಕಿ. 45 ಸಾವು.

2013, ನವೆಂಬರ್ 14. ಬರೇ 15 ದಿನದ ಮ್ಯಾಲ. ಬೆಂಗಳೂರಿನಿಂದ ಮುಂಬೈಗೆ ಹೊಂಟ ಬಸ್, ಹಾವೇರಿ ಹತ್ರ. 7 ಸಾವು.

2020, ಆಗಸ್ಟ್ 12. ವಿಜಯಪುರದಿಂದ ಬೆಂಗಳೂರಿಗೆ ಹೊಂಟ ಬಸ್, ಹಿರಿಯೂರು ಹತ್ರ. 5 ಸಾವು, ಅದರಾಗ ಮಕ್ಕಳೂ ಇದ್ರು.

2022, ಜೂನ್ 3. ಗೋವಾದಿಂದ ಹೈದರಾಬಾದಿಗೆ ಹೊಂಟ ಬಸ್, ನಮ್ಮದೇ ಕಲಬುರಗಿ ಜಿಲ್ಲೆಯ ಕಮಲಾಪುರ ಹತ್ರ. ಎದುರಿಗೆ ಬಂದ ಗಾಡಿಗೆ ಬಡಿದು, ಕೆಳಗ ಉರುಳಿ, ಬೆಂಕಿ. ಕನಿಷ್ಠ 7 ಜನ ಒಳಗೇ ಸುಟ್ಟು ಹೋದ್ರು.

2025, ಅಕ್ಟೋಬರ್ 24. ಹೈದರಾಬಾದಿನಿಂದ ಬೆಂಗಳೂರಿಗೆ ಹೊಂಟ ಬಸ್, ಕರ್ನೂಲ್ ಹತ್ರ. ಬಸ್ಸಿನೊಳಗ 19 ಸಾವು, ಬೈಕ್ ಸವಾರ ಬ್ಯಾರೆ. ಬಾಗಿಲ ತೆರೀಲಿಲ್ಲ ಅಂತ ವರದಿಯಾಯ್ತು. ಬದುಕಿದವರಲ್ಲಿ ಬಹಳ ಮಂದಿ ಕಿಟಕಿ ಗಾಜು ಒಡೆದು ಜಿಗಿದವರು.

ಐದಕ್ಕ ಐದೂ ಕತ್ತಲಿ ಇಲ್ಲಾ ನಸುಕಿನ ಹೊತ್ತು. ಜನ ಗಾಢ ನಿದ್ದಿಯಾಗ, ಇಲ್ಲಾ ಈಗಷ್ಟೇ ಎದ್ದು ಕಣ್ಣು ತಿಕ್ಕತಾ ಇರೋ ಹೊತ್ತು. ಕಮಲಾಪುರದ ರಸ್ತೆಯೇ ಮುಂದ ಕಲಬುರಗಿ ದಾಟಿ ನಮ್ಮ ಜೇವರ್ಗಿ ಮ್ಯಾಲ ಚಿತ್ರದುರ್ಗಕ್ಕ ಹೋಗೋ ಹೆದ್ದಾರಿ 50. ಅದನ್ನ ದಾಟಿದ್ರ ಹಿರಿಯೂರು. ಇದು ಯಾರದೋ ರಸ್ತೆ ಅಲ್ಲ. ನಾವು ಇಂಟರ್ವ್ಯೂಗೆ ಹೋಗೋ ರಸ್ತೆ.

8/9 🧾 ಸುತ್ತಿಗೆ ಯಾವ ಖಾತ್ಯಾಗ ಬರ್ತದ?

ಎಲ್ಲಾ ಸಾವಿಗೂ ಸುತ್ತಿಗೆ ಇಲ್ಲದ್ದೇ ಕಾರಣ ಅಂತ ನಾನು ಹೇಳ್ತಿಲ್ಲ. ವೇಗ, ನಿದ್ದಿಗೆಟ್ಟ ಡ್ರೈವರ್, ಡೀಸೆಲ್ ಟ್ಯಾಂಕ್, ಸೀಟಿನ ಸ್ಪಂಜು, ಪರದೆ, ನಡುವಿನ ದಾರ್ಯಾಗ ಇಟ್ಟ ಬ್ಯಾಗು, ಕೆಳಗ ತುಂಬಿದ ಪಾರ್ಸಲ್, ಎಲ್ಲಾ ಸೇರ್ತಾವ. ಹೊಗಿ ಕುಡಿದ ಮ್ಯಾಲ ಸುತ್ತಿಗೆ ಕೈಯಾಗ ಇದ್ರೂ ಎತ್ತಾಕ ಆಗಂಗಿಲ್ಲ. ಆದ್ರ ಈ ಎಲ್ಲಾ ಕಾರಣಗಳೊಳಗ ಅತಿ ಸಸ್ತಾ ಇರೋದು, ಇವತ್ತೇ ಸರಿ ಮಾಡಬಹುದಾದದ್ದು ಸುತ್ತಿಗೆ ಒಂದೇ.

ನಿಯಮ ಅದ. ಬಸ್ ಬಾಡಿ ಕಟ್ಟೋದಕ್ಕ ಎಐಎಸ್ 052 ಅಂತ ಒಂದು ಸಂಹಿತೆ ಅದ, ಸ್ಲೀಪರ್ ಬಸ್ಸಿಗೆ ಎಐಎಸ್ 119 ಅಂತ ಬ್ಯಾರೆ. ತುರ್ತು ದಾರಿ ಎಷ್ಟಿರಬೇಕು, ಎಲ್ಲಿರಬೇಕು, ಅದರ ಮ್ಯಾಲ ಏನು ಬರೀಬೇಕು, ಗಾಜು ಒಡೆದೇ ಹೋಗೋ ಕಿಟಕಿ ಆದ್ರ ಬಾಜೂಕ ಒಡೆಯೋ ಸಾಮಾನು ಇಡಬೇಕು, ಎಲ್ಲಾ ಬರೆದದ.

ಮತ್ತ ಕ್ಲಿಪ್ ಯಾಕ ಖಾಲಿ? ಹ್ವಾದ ದೀಪಾವಳಿಗೆ ನಾನು ಹೋದ ಒಂದು ಬಸ್ಸಿನ್ಯಾಗ ಕ್ಲಿಪ್ ಎಣಿಸಿದೆ. ಇದ್ದದ್ದು ಆರು. ಸುತ್ತಿಗೆ ಇದ್ದದ್ದು ಒಂದು, ಅದಕ್ಕೂ ಪ್ಲಾಸ್ಟಿಕ್ ಟೈ ಬಿಗಿದಿದ್ರು. ಕ್ಲೀನರ್ ಅಣ್ಣನ್ನ ಕೇಳಿದೆ. "ಮಂದಿ ಒಯ್ತಾರ್ರಿ, ಅದಕ್ಕ ಉಳಿದದ್ದೆಲ್ಲ ಕ್ಯಾಬಿನ್‌ನ್ಯಾಗ ಇಟ್ಟೀವಿ" ಅಂದ. ಅವ ಸುಳ್ಳು ಹೇಳಲಿಲ್ಲ. ಒಯ್ಯೋ ಮಂದಿ ಖರೇನೇ ಇದ್ದಾರ. ಹಾಸ್ಟೆಲಿನ್ಯಾಗ ಶೋ ಪೀಸ್ ಮಾಡಿಟ್ಟವರನ್ನ ನಾವೂ ನೋಡೀವಿ, ಹೌದಿಲ್ಲೋ?

ಬಿಕಾಂ ಕಣ್ಣಿನಿಂದ ನೋಡ್ರಿ. ಮಾಲೀಕನ ಲೆಕ್ಕದಾಗ ಅದು ಕೆಲವು ನೂರು ರೂಪಾಯಿ ಮಾಲು, ಕಳೆದ್ರ ನಷ್ಟ. ಆದ್ದರಿಂದ ಕ್ಯಾಬಿನ್‌ನ್ಯಾಗ ಜೋಪಾನ. ಆಸ್ತಿ ಉಳೀತು, ರಿಜಿಸ್ಟರ್ ಸರಿ ಅದ, ತಪಾಸಣೆ ದಿನ ತೆಗೆದು ಸಿಗಿಸಿದ್ರ ಫಿಟ್ನೆಸ್ಸೂ ಸರಿ. ಆದ್ರ ಆ ಸಾಮಾನಿನ ಬೆಲಿ ಇರೋದು ಅದು ನೇತಾಡೋ ಜಾಗದಾಗ. ಹಿಂದಿನ ಬರ್ತಿನವನಿಗೆ ಕ್ಯಾಬಿನ್‌ನ್ಯಾಗಿನ ಸುತ್ತಿಗೆ ನ್ಯೂಯಾರ್ಕಿನ್ಯಾಗ ಇದ್ದಂಗ. ಕೀಲಿ ಹಾಕಿದ ತುರ್ತು ಬಾಗಿಲದ ಕತಿಯೂ ಇದೇ. ಎರಡೂ ಕಡೀ ಕಳ್ಳನಿಗೆ ಹೆದರಿ ಬೆಂಕಿ ಮರೆತೀವಿ.

ಹಂಗಾಗಿ ಕಿತ್ತು ಒಯ್ಯೋ ಹುಡುಗರಿಗೂ ಒಂದು ಮಾತು. ನೀನು ಒಯ್ದಿದ್ದು ಸುತ್ತಿಗೆ ಅಲ್ಲೋ ದೋಸ್ತ. ಮುಂದಿನ ರಾತ್ರಿ ಅದೇ ಬರ್ತಿನ್ಯಾಗ ಮಲಗೋ ಯಾರದೋ ತಂಗಿಯ ಬಾಗಿಲ.

9/9 ✅ ಸೇವ್ ಮಾಡ್ರಿ, ಮನಿಯವರಿಗೆ ತೋರಸ್ರಿ

ಬಸ್ ಹತ್ತಿದ ಮ್ಯಾಲ ಒಂದು ನಿಮಿಷ, ಇಷ್ಟು ಮಾಡ್ರಿ:

▪️ ತುರ್ತು ಬಾಗಿಲ ಎಲ್ಲದ, ಹಿಡಿಕಿ ಯಾ ಕಡೀ ತಿರುಗ್ತದ ನೋಡ್ರಿ. ಮಾಳಗಿಯಲ್ಲಿ, ಅಂದ್ರ ಬಸ್ಸಿನ ತಲಿ ಮ್ಯಾಲ, ತೆರೆಯೋ ಮುಚ್ಚಳ ಇದ್ರ ಅದನ್ನೂ. ಬಸ್ ಮಗ್ಗಲಾದ್ರ ಅದೇ ಬಾಗಿಲ ಆಗ್ತದ.

▪️ ಸುತ್ತಿಗೆ ಎಣಿಸ್ರಿ. ಇಲ್ಲ ಅಂದ್ರ ಡ್ರೈವರ್‌ಗೆ, ಕ್ಲೀನರ್‌ಗೆ ಸಮಾಧಾನದಿಂದ ಕೇಳ್ರಿ: "ಅಣ್ಣಾ, ಸುತ್ತಿಗೆ ಜಾಗದಾಗ ಹಾಕ್ರಿ." ಒಬ್ಬರು ಕೇಳಿದ್ರ ನಗ್ತಾರ. ಹತ್ತು ಮಂದಿ ಕೇಳಿದ್ರ ಹಾಕ್ತಾರ.

▪️ ನಡುವಿನ ದಾರ್ಯಾಗ ಬ್ಯಾಗ್ ಇಡಬ್ಯಾಡ್ರಿ. ಚಪ್ಪಲಿ, ಮೊಬೈಲ್ ಕೈಗೆ ಸಿಗೋ ಕಡೀ ಇರಲಿ.

▪️ ಒಡೆಯೋ ಪ್ರಸಂಗ ಬಂದ್ರ ಗಾಜಿನ ನಡುವ ಹೊಡೀಬ್ಯಾಡ್ರಿ, ಮೂಲಿಗೆ ಹೊಡೀರಿ. ನಡುವ ಗಾಜು ಬಾಗಿ ಏಟು ನುಂಗ್ತದ, ಅಂಚಿನ್ಯಾಗ ಬಾಗಂಗಿಲ್ಲ. ಮುಖ ತಿರುಗಿಸಿ, ಕೈಗೆ ಟವೆಲ್ ಇಲ್ಲಾ ಬೆಡ್‌ಶೀಟ್ ಸುತ್ತಿ ಹೊಡೀರಿ. ಬಿರುಕು ಬಿಟ್ಟ ಗಾಜು ಬೀಳದಿದ್ರ ಕಾಲಿನಿಂದ ಹೊರಗ ನೂಕ್ರಿ.

▪️ ಹೊಗಿ ಇದ್ರ ಬಗ್ಗಿ ಹೋಗ್ರಿ. ಮ್ಯಾಲಿನ ಬರ್ತಿನ ಕಿಟಕಿಯಿಂದ ಇಳಿಯೋದಾದ್ರ ಮೊದಲು ಕಾಲು ಹೊರಗ ಹಾಕಿ, ಕೈಯಿಂದ ಜೋತು ಬಿದ್ದು ಆಮ್ಯಾಲ ಬಿಡ್ರಿ, ಎತ್ತರ ಅರ್ಧ ಆಗ್ತದ. ಸಾಮಾನು ತಗೊಳ್ಳಾಕ ತಿರುಗಿ ಹೋಗಬ್ಯಾಡ್ರಿ.

▪️ ಮನ್ಯಾಗ ಕಾರ್ ಇದ್ರ, ಸ್ಪ್ರಿಂಗ್ ಇರೋ ಗಾಜು ಒಡೆಯೋ ಸಾಮಾನು ಸಿಗ್ತದ, ಅದಕ್ಕೇ ಸೀಟ್ ಬೆಲ್ಟ್ ಕತ್ತರಿಸೋ ಬ್ಲೇಡೂ ಇರ್ತದ. ಡಿಕ್ಕ್ಯಾಗ ಹಾಕಬ್ಯಾಡ್ರಿ. ಡ್ರೈವರ್ ಕೈಗೆ ಎಟಕೋ ಕಡೀ ಇರಲಿ.

▪️ ಹೊರಗಿನಿಂದ ನೋಡಿದವರು ನೀವಾದ್ರ 112ಕ್ಕ ಫೋನ್ ಮಾಡ್ರಿ. ಸಹಾಯ ಮಾಡಿದ್ರ ಪೊಲೀಸ್ ಕೇಸ್ ನಮ್ಮ ಮ್ಯಾಲ ಬರ್ತದ ಅನ್ನೋ ಹೆದರಿಕಿ ಬಿಡ್ರಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ, ಒಳ್ಳೇ ಮನಸ್ಸಿನಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಡ್ತದ.

ಕಿಲ್ಲಾರ್ಯಾಗ ಹಾರಿ ಹಿಡಿದವರು ನೆರೆಮನಿಯವರು. ನ್ಯೂಯಾರ್ಕಿನ್ಯಾಗ ಹಾಲಿಗನ್ ಹಿಡಿದವರು ತಮ್ಮ ರೊಕ್ಕ ಹಾಕಿದ್ರು. ಲಚ್ಯಾಣದಾಗ ಕಡೀ ಗೇಣು ಕೊರೆದದ್ದು ಮನುಷ್ಯರ ಕೈ. ಬಸ್ಸಿನ ಸುತ್ತಿಗೆಗೆ ಹಂಥಾ ಯಾರೂ ಬ್ಯಾರೆ ಇಲ್ಲ. ಅದು ನಿಮ್ಮ ಕೈಗೇ ಅಂತ ಮಾಡಿದ ಸಾಮಾನು.

ಈ ಶನಿವಾರ ಊರಿಗೆ ಹೋಗೋರು, ಬೆಂಗಳೂರಿಗೆ ಹೋಗೋರು, ಬಸ್ಸಿನ್ಯಾಗ ಕ್ಲಿಪ್ ಎಷ್ಟು, ಸುತ್ತಿಗೆ ಎಷ್ಟು ಅಂತ ಎಣಿಸಿ ಕಮೆಂಟಿನ್ಯಾಗ ಎರಡೇ ನಂಬರ್ ಹಾಕ್ರಿ. ಬಸ್ಸಿನ ಹೆಸರು ಬ್ಯಾಡ, ಬರೇ ನಂಬರ್. ನೂರು ಬಸ್ಸಿನ ಲೆಕ್ಕ ಆದ್ರ ನಾವೇ ಒಂದು ಪಟ್ಟಿ ಮಾಡಿ ಆರ್‌ಟಿಓ ಕಚೇರಿಗೆ ಕೊಟ್ಟು ಬರೋಣ. ಬಿಕಾಂ ಓದಿದ್ದು ಎದಕ್ಕರೆ ಬರಬೇಕಲ್ಲ!

#ಕೊಳಕೂರ #ಜೇವರ್ಗಿ #ಕಲಬುರಗಿ #ಇತಿಹಾಸ #ಕೆಂಪುಸುತ್ತಿಗೆ #ಸುತ್ತಿಗೆಎಣಿಸ್ರಿ